ಹಸಿರು ಕೀವು

ದೀಪಾವಳಿ ಕಳೆಯುತ್ತಿದ್ದಂತೆ ಗುಬ್ಬಿ ತಾಲ್ಲೂಕಿನ ಚೇಳೂರು ಕಡೆಯ ತೋಟದ ಮನೆಗಳಲ್ಲಿ ನಸುಕಿಗೇ ಒಲೆ ಹತ್ತುತ್ತದೆ. ಸುಲಿದ ಹಸಿ ಅಡಿಕೆ ಹಂಡೆಯಲ್ಲಿ ಕೊತಕೊತ ಬೇಯುತ್ತದೆ. ಅಡಿಕೆ ಬಾಚಿ ತೆಗೆದ ಮೇಲೆ ತಳದಲ್ಲಿ ಉಳಿಯುವುದು ಕೆಂಪನೆಯ ಮಂದ ಚೊಗರು. ಮೈಮೇಲೆ ಬಿದ್ದರೆ ಅದು ನೀರಿನ ಹಾಗೆ ಜಾರಿ ಹೋಗುವುದಿಲ್ಲ. ಬಿದ್ದಲ್ಲೇ ಅಂಟುತ್ತದೆ, ಅಂಟಿದಲ್ಲೇ ಸುಡುತ್ತದೆ.

ತುಮಕೂರಿನ ಆಸ್ಪತ್ರೆಯೊಂದರಲ್ಲಿ ಮಲಗಿರುವ ಹೆಂಗಸಿನ ಬಲತೊಡೆಯಿಂದ ಪಾದದವರೆಗೆ ಸುರಿದದ್ದು ಇದೇ ಚೊಗರು. ನಲ್ಲಿಯ ಕೆಳಗೆ 20 ನಿಮಿಷ ಕಾಲು ಹಿಡಿದಿದ್ದರೆ ಗಾಯ ಇಷ್ಟು ಆಳಕ್ಕೆ ಇಳಿಯುತ್ತಿರಲಿಲ್ಲ. ಮನೆಯವರು ಟೂತ್‌ಪೇಸ್ಟ್ ಬಳಿದರು, ಯಾರೋ ಹೇಳಿದರೆಂದು ಅದರ ಮೇಲೆ ಅರಿಶಿನ ಉದುರಿಸಿದರು. ಮಾರನೆಯ ದಿನ ಪೇಟೆಯಿಂದ ಮಾತ್ರೆ ಬಂತು.

"ಯಾವ ಮಾತ್ರೆ ಕೊಟ್ರಿ ಯಜಮಾನ್ರೇ?"

ಗಂಡ ಅಂಗಿ ಜೇಬಿನಿಂದ ಕತ್ತರಿಸಿದ ಸ್ಟ್ರಿಪ್ಪಿನ ತುಂಡು ತೆಗೆದು ತೋರಿಸಿದರು. "ಹೈ ಪವರ್‌ದು ಕೊಡಿ ಅಂದ್ವಿ ಸಿಸ್ಟರಮ್ಮ. ಮೂರು ದಿನ ನುಂಗಿದ್ಲು. ಉರಿ ಕಮ್ಮಿ ಆಯ್ತು, ಬಿಟ್ಲು."

ಹೆಸರಿದ್ದ ಭಾಗ ಅಂಗಡಿಯಲ್ಲೇ ಉಳಿದಿದೆ. ತುಂಡಿನ ಬೆನ್ನಿನ ಮೇಲೆ ಉದ್ದಕ್ಕೆ ಒಂದು ಕೆಂಪು ಗೆರೆ. ವೈದ್ಯರ ಚೀಟಿಯಿಲ್ಲದೆ ಇದನ್ನು ಕೊಳ್ಳಬೇಡಿ ಎಂದು ಆ ಗೆರೆಯನ್ನು ತೋರಿಸಿ ಕೇಂದ್ರ ಸರ್ಕಾರ 2016ರಲ್ಲಿ ಪ್ರಚಾರ ನಡೆಸಿತ್ತು. ಅದಕ್ಕೂ ಮೊದಲು, 2014ರಿಂದಲೇ, ಸೆಫಿಕ್ಸಿಮ್‌ನಂಥ ಆ್ಯಂಟಿಬಯೋಟಿಕ್ ಮಾರಿದರೆ ರೋಗಿಯ ಹೆಸರು, ವೈದ್ಯರ ಹೆಸರು ಬೇರೆ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟಿರಬೇಕು ಎಂಬ ನಿಯಮ ಬಂದಿದೆ. ಈಕೆ ನುಂಗಿದ್ದು ಸೆಫಿಕ್ಸಿಮ್ಮೇ ಆಗಿದ್ದರೆ ಅದು ಸಾಧು ಬ್ಯಾಕ್ಟೀರಿಯಾಗಳನ್ನು ಕೊಂದು, ತನಗೆ ಬಗ್ಗದವಕ್ಕೆ ಜಾಗ ತೆರವು ಮಾಡಿಕೊಟ್ಟಿರುತ್ತದೆ.

ಸಿಸ್ಟರ್ ಸಲೈನಿನಲ್ಲಿ ನೆನೆಸಿ ನೆನೆಸಿ ಬ್ಯಾಂಡೇಜ್ ಬಿಚ್ಚುತ್ತಾರೆ. ಒಳಗಿನ ಗಾಜ್ ಹಸಿರು. ದ್ರಾಕ್ಷಿ ಹುಳಿತಂಥ ಸಿಹಿ ವಾಸನೆ ಮೂಗಿಗೆ ಬಡಿಯುತ್ತದೆ. ಈ ಬಣ್ಣ, ಈ ವಾಸನೆ ಸ್ಯೂಡೊಮೊನಾಸ್ ಬ್ಯಾಕ್ಟೀರಿಯಾದ್ದು. ಸುಟ್ಟ ಮೇಲಿನ ಮೊದಲ ದಿನಗಳಲ್ಲಿ ಗಾಯದಲ್ಲಿ ಹೆಚ್ಚಾಗಿ ಸಿಗುವುದು ನಮ್ಮದೇ ಕೂದಲಬೇರಿನಲ್ಲಿ, ಬೆವರು ಗ್ರಂಥಿಯಲ್ಲಿ ಅಡಗಿ ಉಳಿದ ಸ್ಟ್ಯಾಫೈಲೊಕಾಕಸ್. ವಾರ ಕಳೆಯುವಷ್ಟರಲ್ಲಿ ಕರುಳಿನಿಂದಲೂ ವಾರ್ಡಿನಿಂದಲೂ ಸ್ಯೂಡೊಮೊನಾಸ್, ಕ್ಲೆಬ್ಸಿಯೆಲ್ಲಾ, ಅಸಿನೆಟೊಬ್ಯಾಕ್ಟರ್ ಬಂದು ಸೇರುತ್ತವೆ. ಸತ್ತ ಚರ್ಮದಲ್ಲಿ ರಕ್ತ ಹರಿಯುವುದಿಲ್ಲ. ರಕ್ತದ ದಾರಿಯಲ್ಲೇ ಹೋಗಬೇಕಾದ ಮಾತ್ರೆ, ಇಂಜೆಕ್ಷನ್‌ಗಳು ಅಲ್ಲಿಗೆ ಮುಟ್ಟುವುದು ಕಷ್ಟ. ಅದಕ್ಕೇ ಸಿಲ್ವರ್ ಸಲ್ಫಾಡಯಜೀನ್ ಮುಲಾಮನ್ನು ಮೇಲಿನಿಂದ ದಪ್ಪಗೆ ಬಳಿಯುತ್ತಾರೆ.

ಗಾಯದಿಂದ ಸ್ವ್ಯಾಬ್ ತೆಗೆದು ಲ್ಯಾಬಿಗೆ ಕಳಿಸಿ ಎರಡು ದಿನವಾಗಿದೆ. ಅಲ್ಲಿನ ಟೆಕ್ನಿಷಿಯನ್ ಪ್ಲೇಟನ್ನು ಬೆಳಕಿಗೆ ಹಿಡಿದಿದ್ದಾರೆ. ಗೋಧಿಬಣ್ಣದ ಅಗರ್ ಮೇಲೆ ಬ್ಯಾಕ್ಟೀರಿಯಾ ಮಳೆಗಾಲದ ಅಂಗಳದ ಪಾಚಿಯಂತೆ ಹಬ್ಬಿದೆ. ನಡುನಡುವೆ 6 ಮಿ.ಮೀ.ನ ಬಿಳಿ ಬಿಲ್ಲೆಗಳು, ಒಂದೊಂದರಲ್ಲೂ ಒಂದೊಂದು ಔಷಧಿ. ಔಷಧಿಗೆ ಬ್ಯಾಕ್ಟೀರಿಯಾ ಬಗ್ಗಿದರೆ ಬಿಲ್ಲೆಯ ಸುತ್ತ ಬೋಳು ವೃತ್ತ ಮೂಡಬೇಕು. ಮೆರೊಪೆನಮ್‌ಗೆ ಆ ವೃತ್ತ 19 ಮಿ.ಮೀ. ಇದ್ದರೆ ಔಷಧಿ ನಡೆಯುತ್ತದೆ, 15ಕ್ಕೆ ಇಳಿದರೆ ಇಲ್ಲ. ಅವರು ಸ್ಕೇಲ್ ಇಟ್ಟು ಅಳೆದರು: 11. ಸೆಫ್ಟಾಜಿಡಿಮ್ ಬಿಲ್ಲೆಯ ಅಂಚಿನವರೆಗೂ ಪಾಚಿ ಬೆಳೆದು ನಿಂತಿದೆ. ಈ ಬ್ಯಾಕ್ಟೀರಿಯಾ ಔಷಧಿ ನುಸುಳುವ ರಂಧ್ರ ಮುಚ್ಚಿಕೊಳ್ಳುತ್ತದೆ, ನುಸುಳಿದ್ದನ್ನು ಪಂಪ್ ಮಾಡಿ ಹೊರಗೆ ಹಾಕುತ್ತದೆ, ಕಿಣ್ವ ಬಿಟ್ಟು ಔಷಧಿಯನ್ನೇ ಕತ್ತರಿಸುತ್ತದೆ. ಇನ್ನು ಉಳಿಯುವುದು ಕೊಲಿಸ್ಟಿನ್‌ನಂಥವು. ಮೂತ್ರಪಿಂಡ ಕೆಡಿಸುತ್ತದೆಂದು ಹಿಂದೊಮ್ಮೆ ವೈದ್ಯರೇ ಪಕ್ಕಕ್ಕಿಟ್ಟಿದ್ದ ಔಷಧಿ ಅದು.

ಪಕ್ಕದ ಮಂಚದಲ್ಲಿ ಕುಣಿಗಲ್ ಕಡೆಯ ಹುಡುಗ. ಮುದ್ದೆಗೆ ಇಟ್ಟಿದ್ದ ಎಸರು ಎದೆಯ ಮೇಲೆ ಬಿದ್ದಿದೆ. ಅವನ ತಾಯಿ ಕೂಡಲೇ ತಣ್ಣೀರು ಸುರಿದು, ಏನೂ ಬಳಿಯದೆ, ಯಾವ ಮಾತ್ರೆಯನ್ನೂ ಕೊಡದೆ ನೇರವಾಗಿ ಕರೆತಂದವರು. ಗಾಯ ಶುಚಿಯಾಗಿತ್ತು. ಎಂಟನೆಯ ದಿನ ಅವನ ಗಾಜ್ ಕೂಡ ಹಸಿರಾಯಿತು. ಅವನ ಪ್ಲೇಟಿನಲ್ಲೂ ಹೆಚ್ಚುಕಡಿಮೆ ಅವೇ ಅಳತೆಗಳು.

ಈ ಹುಡುಗನನ್ನು ನೋಡಿದ ಮೇಲೆ ತಪ್ಪನ್ನೆಲ್ಲ ಹಳ್ಳಿಯವರ ತಲೆಗೆ, ಮೆಡಿಕಲ್ ಸ್ಟೋರಿನವರ ತಲೆಗೆ ಕಟ್ಟಲು ನನಗೆ ಮನಸ್ಸು ಬಾರದು. ಸ್ಯೂಡೊಮೊನಾಸ್‌ಗೆ ಒದ್ದೆ ಜಾಗವೆಂದರೆ ಪ್ರಾಣ: ಸಿಂಕಿನ ಬಾಯಿ, ನಲ್ಲಿಯ ತುದಿ, ಡ್ರೆಸ್ಸಿಂಗ್ ಬೇಸಿನ್. ಅಸಿನೆಟೊಬ್ಯಾಕ್ಟರ್ ಒಣಗಿದ ಮಂಚದ ಕಂಬಿಯ ಮೇಲೂ ವಾರಗಟ್ಟಲೆ ಬದುಕುತ್ತದೆ. ಒಂದು ಮಂಚದಿಂದ ಇನ್ನೊಂದಕ್ಕೆ ಅವನ್ನು ದಾಟಿಸುವುದು ಕೈ. ಒಬ್ಬರೇ ಸಿಸ್ಟರ್ ಒಂದು ಬೆಳಗಿನಲ್ಲಿ ವಾರ್ಡಿನ ಅಷ್ಟೂ ಗಾಯ ಬಿಚ್ಚಿ ಕಟ್ಟಬೇಕಾದರೆ, ಪ್ರತಿ ಸಲವೂ ಕೈ ತೊಳೆದು ಗ್ಲೌಸ್ ಬದಲಿಸಲು ಬಿಡುವು ಎಲ್ಲಿಂದ ಬರಬೇಕು? ಹೊಸ ಆ್ಯಂಟಿಬಯೋಟಿಕ್‌ಗೆ ಕಾಯುವ ನಾವು ಮೊದಲು ಇನ್ನೊಬ್ಬ ಸಿಸ್ಟರನ್ನು ಕೇಳಬೇಕು.

ಗಾಯ ಬೇಗ ಮುಚ್ಚಿದಷ್ಟೂ ನಂಜು ಕಡಿಮೆ. ಸತ್ತ ಪದರ ಕೆತ್ತಿ ತೆಗೆದು ರೋಗಿಯದೇ ಬೇರೆಡೆಯ ಚರ್ಮ ಹೊದಿಸಬೇಕು. ಹೆಚ್ಚು ಸುಟ್ಟವರ ಮೈಯಲ್ಲಿ ತೆಗೆಯಲು ಚರ್ಮವೇ ಇರುವುದಿಲ್ಲ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಮಹಾಬೋಧಿ ಸುಟ್ಟಗಾಯ ವಿಭಾಗವಿದೆ, 2016ರಿಂದ ಚರ್ಮ ಬ್ಯಾಂಕ್ ಕೂಡ ಇದೆ. ಸತ್ತ 6 ಗಂಟೆಯೊಳಗೆ ದಾನ ಪಡೆದ ತೊಡೆಯ, ಬೆನ್ನಿನ ತೆಳು ಚರ್ಮವನ್ನು ಗ್ಲಿಸರಾಲ್‌ನಲ್ಲಿ ವರ್ಷಗಟ್ಟಲೆ ಕಾಪಿಡಬಹುದು. ರಕ್ತದ ಗುಂಪು ಹೊಂದಬೇಕಿಲ್ಲ.

ಕುಣಿಗಲ್ ಹುಡುಗನನ್ನು ನಾಳೆ ಅಲ್ಲಿಗೇ ಕಳಿಸುತ್ತಾರೆ. ಕಾಗದಗಳ ಜೊತೆ ಕಲ್ಚರ್ ವರದಿಯೂ ಇರಲೇಬೇಕೆಂದು ಡಾಕ್ಟರ್ ತಾಯಿಗೆ ಎರಡೆರಡು ಸಲ ಹೇಳುತ್ತಿದ್ದಾರೆ: "ಇದನ್ನ ಕಳೀಬೇಡಿ ಅಮ್ಮ. ಇದಿಲ್ಲ ಅಂದ್ರೆ ಅವರು ಮತ್ತೆ ಸ್ವ್ಯಾಬ್ ತೆಗೀಬೇಕು, ವರದಿ ಬರೋತನಕ ಅಂದಾಜಿನ ಮೇಲೆ ಔಷಧಿ ಕೊಡಬೇಕು. ಮಗೂಗೆ ಅಷ್ಟು ದಿನ ಇಲ್ಲ. ಹೋದ ತಕ್ಷಣ ಅಲ್ಲಿನ ಸಿಸ್ಟರ್‌ಗೆ ತೋರಿಸಿ, ಬೇರೆ ಮಂಚದ ಪಕ್ಕ ಮಲಗಿಸೋಕೆ ಮುಂಚೆ."