ಒಡೆಯನೇ ಹೊರಗೆ ನಿಂತಾಗ

ಆಚಾರ್ಯ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ತಮ್ಮ ‘ಗೊಮ್ಮಟಸಾರ’ದ ಕರ್ಮಕಾಂಡದಲ್ಲಿ ಎಂಟು ಕರ್ಮಗಳ ಸ್ವಭಾವವನ್ನು ಎಂಟು ಉಪಮಾನಗಳಿಂದ ತಿಳಿಸಿದ್ದಾರೆ. ಜ್ಞಾನಾವರಣೀಯವು ದೇವರ ಮುಖದ ಮೇಲೆ ಇಳಿಬಿಟ್ಟ ವಸ್ತ್ರದಂತೆ; ದರ್ಶನಾವರಣೀಯವು ಅರಸನನ್ನು ಕಾಣಬಂದವನನ್ನು ತಡೆಯುವ ದ್ವಾರಪಾಲಕನಂತೆ; ವೇದನೀಯವು ಜೇನು ಸವರಿದ ಕತ್ತಿಯ ಅಲಗಿನಂತೆ; ಮೋಹನೀಯವು ಮದ್ಯದಂತೆ; ಆಯುಷ್ಯವು ಕಾಲಿಗೆ ತೊಡಿಸಿದ ಕೋಳದಂತೆ; ನಾಮವು ಚಿತ್ರಕಾರನಂತೆ; ಗೋತ್ರವು ಕುಂಬಾರನಂತೆ; ಅಂತರಾಯವು, ಅರಸನೇ ಕೊಡು ಎಂದರೂ ಕೈ ಬಿಗಿಹಿಡಿಯುವ ಭಂಡಾರಿಯಂತೆ.

ಇವುಗಳಲ್ಲಿ ಎರಡು ಉಪಮಾನಗಳು ಇಂದಿನ ಮನೆಮನೆಯಲ್ಲೂ ಕಣ್ಣಿಗೆ ಕಾಣುವಂತಿವೆ. ಅವೇ ದ್ವಾರಪಾಲಕ ಮತ್ತು ಭಂಡಾರಿ. ನೇಮಿಚಂದ್ರರನ್ನು ಗುರುವೆಂದು ಗೌರವಿಸಿದ ಚಾವುಂಡರಾಯನು ತಲಕಾಡಿನ ಗಂಗ ಅರಸರ ಮಂತ್ರಿಯಾಗಿದ್ದವನು. ತಲಕಾಡು ನಮ್ಮ ಬೆಳಕವಾಡಿಗೆ ದೂರದ ಊರೇನಲ್ಲ. ಅರಮನೆಯ ಬಾಗಿಲನ್ನೂ ಬೊಕ್ಕಸವನ್ನೂ ಕಂಡಿದ್ದ ಆ ಕಾಲದ ಜನರಿಗೆ ಈ ಹೋಲಿಕೆಗಳು ಕೂಡಲೇ ಮನಸ್ಸಿಗೆ ನಾಟಿರಬೇಕು. ಅರಮನೆಗಳು ಹೋದವು. ಆದರೆ ಹಳ್ಳಿಯ ಮನೆಯ ಗೋಡೆಯ ಮೇಲೆ, ದೇವರ ಪಟದ ಪಕ್ಕದಲ್ಲೋ ಟಿ.ವಿ.ಯ ಮಗ್ಗುಲಲ್ಲೋ, ಸಣ್ಣ ಹಸಿರು ದೀಪಗಳನ್ನು ಮಿಟುಕಿಸುತ್ತ ಕುಳಿತಿರುವ ರೂಟರ್ ಎಂಬ ಪೆಟ್ಟಿಗೆ ಇಂದಿನ ದ್ವಾರಪಾಲಕನಾಗಿದೆ. ಹೊರಗಿನಿಂದ ಬರುವುದೂ ಒಳಗಿನಿಂದ ಹೋಗುವುದೂ ಎಲ್ಲವೂ ಅದರ ಮೂಲಕವೇ.

ಈ ದ್ವಾರಪಾಲಕನಿಗೆ ಎರಡು ಬೀಗಗಳುಂಟು. ಇದನ್ನು ಅನೇಕರು ಗಮನಿಸುವುದಿಲ್ಲ. ಮೊದಲನೆಯದು ವೈ-ಫೈ ಪಾಸ್‌ವರ್ಡ್. ಅದನ್ನು ತಿಳಿದವರು ಮನೆಯೊಳಗೆ ಬಂದು ಕುಳಿತುಕೊಳ್ಳಬಹುದು. ಬಂದ ನೆಂಟರು ಕೇಳುವುದೂ ಇದನ್ನೇ. ಎರಡನೆಯದು ಅಡ್ಮಿನ್ ಪಾಸ್‌ವರ್ಡ್. ಯಾರನ್ನು ಒಳಗೆ ಬಿಡಬೇಕು, ಯಾರನ್ನು ಹೊರಗಿಡಬೇಕು, ಮೊದಲನೆಯ ಬೀಗದ ಕೀಲಿಯನ್ನು ಹೇಗೆ ಬದಲಿಸಬೇಕು ಎಂಬ ಒಡೆತನದ ಅಧಿಕಾರ ಇದರಲ್ಲಿದೆ. ಮೊದಲನೆಯದು ಮನೆಯವರೆಲ್ಲರಿಗೂ ಬಾಯಿಪಾಠವಾಗಿರುತ್ತದೆ. ಎರಡನೆಯದನ್ನು ಪೆಟ್ಟಿಗೆ ಕೂರಿಸಲು ಬಂದ ಹುಡುಗನೋ ಮನೆಯ ಮಗನೋ ಒಮ್ಮೆ ಹಾಕಿರುತ್ತಾನೆ. ಆಮೇಲೆ ಯಾರಿಗೂ ನೆನಪಿರುವುದಿಲ್ಲ. ಬೇಕಾದ ದಿನ ಬಂದಾಗ ಒಡೆಯನೇ ತನ್ನ ಬಾಗಿಲ ಹೊರಗೆ ನಿಂತಿರುತ್ತಾನೆ. ನಾಲ್ಕಾರು ಬಾರಿ ತಪ್ಪಾಗಿ ಊಹಿಸಿದರೆ ಅನೇಕ ರೂಟರ್‌ಗಳು ಕೆಲವು ನಿಮಿಷಗಳ ಕಾಲ ಮಾತನ್ನೇ ಕೇಳುವುದಿಲ್ಲ.

ನಮ್ಮೂರಿನ ಒಬ್ಬ ಹಿರಿಯ ದಂಪತಿಗೆ ಕಳೆದ ಮಳೆಗಾಲದಲ್ಲಿ ಹೀಗಾಯಿತು. ಅವರ ಮನೆಗೆ ಇಂಟರ್ನೆಟ್ ಹಾಕಿಸಿದವನು ಮಗ. ವೈ-ಫೈಗೆ ‘ಅಮ್ಮನ ಮನೆ’ ಎಂದು ಹೆಸರಿಟ್ಟವನೂ ಅವನೇ. ಎರಡು ವರ್ಷಗಳ ಹಿಂದೆ ಅವನು ಅಕಾಲದಲ್ಲಿ ತೀರಿಕೊಂಡ. ಪೆಟ್ಟಿಗೆ ತನ್ನಷ್ಟಕ್ಕೆ ಕೆಲಸ ಮಾಡುತ್ತಲೇ ಇತ್ತು. ಆದರೆ ತಿಂಗಳು ಮುಗಿಯುವ ಮೊದಲೇ ವೇಗ ಕುಸಿಯತೊಡಗಿತು. ರಾತ್ರಿ ಹೊತ್ತು ಗುರುತಿಲ್ಲದವರು ಬೈಕು ನಿಲ್ಲಿಸಿ ಅವರ ಕಾಂಪೌಂಡಿನ ಬಳಿ ಫೋನ್ ಹಿಡಿದು ನಿಲ್ಲುವುದು ಕಂಡಿತು. ಪಾಸ್‌ವರ್ಡ್ ಎಲ್ಲೆಲ್ಲಿಗೋ ಹರಿದುಹೋಗಿತ್ತು. ಅದನ್ನು ಬದಲಿಸಬೇಕಾದರೆ ಅಡ್ಮಿನ್ ಪುಟದೊಳಗೆ ಹೋಗಬೇಕು. ಅದರ ಕೀಲಿ ಮಗನೊಂದಿಗೆ ಹೋಗಿತ್ತು.

ಬೀದಿಯ ಹುಡುಗನೊಬ್ಬ ಉಪಾಯ ಹೇಳಿದ. ಕಂಪನಿಯ ಕೆಲಸಗಾರರು ಬಳಸುವ ಮೇಲಧಿಕಾರದ ಪಾಸ್‌ವರ್ಡ್ ತನ್ನ ಸ್ನೇಹಿತನ ಬಳಿ ಇದೆ, ಒಂದು ನಿಮಿಷದಲ್ಲಿ ತೆರೆದುಕೊಡುತ್ತೇನೆ ಎಂದ. ಯಜಮಾನರು ನನ್ನನ್ನು ಕರೆಸಿ, “ಮೇಷ್ಟ್ರೇ, ಪೆಟ್ಟಿಗೆ ನಮ್ಮ ಮನೆಯದೇ. ಹೀಗೆ ಮಾಡಿಸಿದರೆ ತಪ್ಪೇನು?” ಎಂದು ಕೇಳಿದರು.

ಪ್ರಶ್ನೆ ಸಣ್ಣದಲ್ಲ. ಶ್ರಾವಕನ ಐದು ಅಣುವ್ರತಗಳಲ್ಲಿ ಮೂರನೆಯದು ಅಚೌರ್ಯ, ಕೊಡದಿದ್ದುದನ್ನು ತೆಗೆದುಕೊಳ್ಳದಿರುವುದು. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಈ ವ್ರತದ ಐದು ಅತಿಚಾರಗಳನ್ನು ಹೇಳುವಾಗ ಮೊದಲು ಹೆಸರಿಸುವುದು ಸ್ತೇನಪ್ರಯೋಗವನ್ನು. ಅಂದರೆ ತಾನು ಕದಿಯದೆ, ಕದಿಯುವವನಿಗೆ ಪ್ರೇರಣೆ ಕೊಡುವುದು. ಎರಡನೆಯದು, ಕದ್ದು ತಂದುದನ್ನು ಸ್ವೀಕರಿಸುವುದು. ಮನೆಯ ಮೇಲೆ ನಮಗೆ ಹಕ್ಕಿದೆ, ನಿಜ. ಆದರೆ ಆ ಗುಪ್ತ ಕೀಲಿ ಕಂಪನಿಯು ತನ್ನ ಕೆಲಸಗಾರನಿಗೆ ನಂಬಿ ಕೊಟ್ಟದ್ದು. ಅದು ನಮಗೆ ಕೊಟ್ಟದ್ದಲ್ಲ. ಸೇರಬೇಕಾದ ಸ್ಥಳ ನಮ್ಮದೇ ಆದರೂ ಹೋಗುವ ದಾರಿ ಅದತ್ತವಾಗಬಾರದು. ಇಂದು ನಮ್ಮ ಬಾಗಿಲು ತೆರೆಯುವ ಕಳ್ಳಕೀಲಿಯೇ ನಾಳೆ ನೆರೆಮನೆಯ ಬಾಗಿಲನ್ನೂ ತೆರೆದೀತು ಎಂಬುದನ್ನೂ ಮರೆಯಬಾರದು.

ನೇರವಾದ ದಾರಿ ಇದ್ದೇ ಇತ್ತು. ರೂಟರ್‌ನ ಅಡಿಯಲ್ಲಿ ಅಂಟಿಸಿರುವ ಚೀಟಿಯಲ್ಲಿ ಅದರ ವಿಳಾಸವೂ (ಸಾಮಾನ್ಯವಾಗಿ 192.168.1.1 ಅಥವಾ 192.168.0.1) ಕಾರ್ಖಾನೆಯಲ್ಲಿ ಕೊಟ್ಟ ಮೂಲ ಪಾಸ್‌ವರ್ಡೂ ಇರುತ್ತವೆ. ಅದನ್ನು ಬದಲಿಸಿದ್ದರೆ, ಹಿಂಬದಿಯ ಸೂಜಿಮೊನೆಯಷ್ಟು ರಂಧ್ರದೊಳಗಿನ ರೀಸೆಟ್ ಗುಂಡಿಯನ್ನು ಸುಮಾರು ಹತ್ತು ಸೆಕೆಂಡು ಒತ್ತಿ ಹಿಡಿದರೆ ಪೆಟ್ಟಿಗೆ ಹುಟ್ಟಿದಂದಿನ ಸ್ಥಿತಿಗೆ ಮರಳುತ್ತದೆ. ಆದರೆ ಆತುರ ಸಲ್ಲದು. ಫೈಬರ್ ಸಂಪರ್ಕದ ಅನೇಕ ಪೆಟ್ಟಿಗೆಗಳಲ್ಲಿ ಕಂಪನಿಯವರು ತುಂಬಿದ ಸಂಪರ್ಕದ ಹೆಸರು, ಪಾಸ್‌ವರ್ಡ್ ಮುಂತಾದ ವಿವರಗಳಿರುತ್ತವೆ. ರೀಸೆಟ್ ಮಾಡಿದರೆ ಅವೂ ಅಳಿಸಿಹೋಗಿ ಇಂಟರ್ನೆಟ್ಟೇ ನಿಂತೀತು. ಆದ್ದರಿಂದ ಮೊದಲು ಕಂಪನಿಯನ್ನು ಕೇಳಿ, ಆ ವಿವರಗಳನ್ನು ಬರೆದಿಟ್ಟುಕೊಂಡು, ಅನಂತರ ಗುಂಡಿ ಒತ್ತಬೇಕು. ಆ ದಂಪತಿ ಹಾಗೆಯೇ ಮಾಡಿದರು. ಸಂಪರ್ಕವು ಮಗನ ಹೆಸರಿನಲ್ಲಿದ್ದುದರಿಂದ ಮರಣಪತ್ರ ಕೊಟ್ಟು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕಾಯಿತು. ಎರಡು ವಾರ ಹಿಡಿಯಿತು.

ಎಲ್ಲವೂ ಸಿದ್ಧವಾದ ಮೇಲೆ ಆ ತಾಯಿ ಗುಂಡಿ ಒತ್ತಲು ಬಿಡಲಿಲ್ಲ. “ಒತ್ತಿದರೆ ಅವನಿಟ್ಟ ಹೆಸರು ಹೋಗುತ್ತದಲ್ಲ ಮೇಷ್ಟ್ರೇ?” ಎಂದರು. ಫೋನ್ ತೆರೆದಾಗಲೆಲ್ಲ ‘ಅಮ್ಮನ ಮನೆ’ ಎಂದು ಮೂಡುವ ಎರಡು ಮಾತು ಅವರಿಗೆ ಮಗನ ದನಿಯಾಗಿತ್ತು.

ಪ್ರಿಯವಾದುದರ ಅಗಲಿಕೆಯಿಂದ ಹುಟ್ಟುವ ಈ ಕೊರಗನ್ನು ಶಾಸ್ತ್ರವು ಇಷ್ಟವಿಯೋಗಜ ಆರ್ತಧ್ಯಾನವೆಂದು ಕರೆದಿದೆ. ಹಾಗೆ ಹೆಸರಿಟ್ಟಿರುವುದು ದುಃಖಿತರನ್ನು ಗದರಿಸುವುದಕ್ಕಲ್ಲ, ಅದನ್ನು ಗುರುತಿಸುವುದಕ್ಕೆ. ಗೃಹಸ್ಥನಿಗೆ ಅದು ಬಾರದಿರದು. ಆದರೆ ವಿವೇಕವು ಒಂದು ಮಾತನ್ನು ಕೇಳಿಸುತ್ತದೆ: ಹೆಸರು ಪುದ್ಗಲದ ಒಂದು ಪರ್ಯಾಯ ಮಾತ್ರ; ಬರೆದರೆ ಬರುತ್ತದೆ, ಅಳಿಸಿದರೆ ಹೋಗುತ್ತದೆ. ಜೀವದ್ರವ್ಯವು ಅಕ್ಷರದಲ್ಲಿ ಉಳಿಯುವಂಥದೂ ಅಲ್ಲ, ಅಕ್ಷರದೊಡನೆ ಅಳಿಯುವಂಥದೂ ಅಲ್ಲ. ತನ್ನ ಕರ್ಮಾನುಸಾರ ಅದು ತನ್ನ ಗತಿಗೆ ಹೋಗಿದೆ. ನಾನು ಇದನ್ನು ಅವರಿಗೆ ಉಪದೇಶಿಸಲಿಲ್ಲ. ಅದು ಅದರ ಸಮಯವಾಗಿರಲಿಲ್ಲ. ರೀಸೆಟ್ ಆದ ಮೇಲೆ ಅದೇ ಹೆಸರನ್ನು ಮತ್ತೆ ಇಡಬಹುದು, ಪಾಸ್‌ವರ್ಡ್ ಮಾತ್ರ ಹೊಸದಾಗಿರಲಿ ಎಂದಷ್ಟೇ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಸೂಜಿಯನ್ನು ತಾವೇ ಕೈಗೆ ತೆಗೆದುಕೊಂಡರು. ಪ್ರೀತಿಯಿಂದ ಇಟ್ಟ ಹೆಸರು ಉಳಿಯಿತು. ಕಂಡವರ ಕೈಸೇರಿದ್ದ ಕೀಲಿ ಹೋಯಿತು. ಗೃಹಸ್ಥಧರ್ಮದ ಹದ ಇರುವುದು ಇಂಥಲ್ಲಿಯೇ.

ಇನ್ನು ತತ್ತ್ವವಿಚಾರಕ್ಕೆ ಬರೋಣ. ಪಾಸ್‌ವರ್ಡ್ ಮರೆತವನ ಒಡೆತನ ನಾಶವಾಗಿರುವುದಿಲ್ಲ, ಅದು ಮರೆಯಾಗಿರುತ್ತದೆ. ಆತ್ಮನ ವಿಷಯದಲ್ಲಿ ಜಿನವಾಣಿಯು ಹೇಳುವುದೂ ಇದನ್ನೇ. ಅನಂತಜ್ಞಾನ, ಅನಂತದರ್ಶನ, ಅನಂತಸುಖ, ಅನಂತವೀರ್ಯಗಳು ಜೀವದ ಸ್ವಭಾವ. ಜ್ಞಾನಾವರಣೀಯ, ದರ್ಶನಾವರಣೀಯ, ಮೋಹನೀಯ, ಅಂತರಾಯ ಎಂಬ ನಾಲ್ಕು ಘಾತಿಕರ್ಮಗಳು ಅವುಗಳನ್ನು ತಡೆದಿವೆ. ಹೊಸದಾಗಿ ಸಂಪಾದಿಸಬೇಕಾದ್ದು ಯಾವುದೂ ಇಲ್ಲ, ಮುಚ್ಚಿರುವುದನ್ನು ಸರಿಸಬೇಕಾಗಿದೆ.

ಕಾರ್ಖಾನೆಯ ಮೂಲ ಪಾಸ್‌ವರ್ಡನ್ನು ಹಾಗೆಯೇ ಬಿಡುವ ಅಪಾಯವೂ ಒಂದು ಪಾಠವಾಗಿದೆ. 2016ರಲ್ಲಿ ‘ಮಿರಾಯ್’ ಎಂಬ ದುಷ್ಟ ತಂತ್ರಾಂಶವು ಸುಮಾರು 60 ಬಗೆಯ ಮೂಲ ಹೆಸರು-ಪಾಸ್‌ವರ್ಡ್ ಜೋಡಿಗಳನ್ನು ಒಂದೊಂದಾಗಿ ಪ್ರಯತ್ನಿಸಿ, ಲೋಕದಾದ್ಯಂತ ಲಕ್ಷಾಂತರ ಕ್ಯಾಮೆರಾ, ರೂಟರ್‌ಗಳನ್ನು ವಶಪಡಿಸಿಕೊಂಡಿತು. ಆ ವರ್ಷದ ಅಕ್ಟೋಬರ್ 21ರಂದು ಅವುಗಳಲ್ಲಿ ಅನೇಕವನ್ನು ಒಮ್ಮೆಲೇ ನುಗ್ಗಿಸಿದ್ದರಿಂದ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ಹೆಸರಾಂತ ತಾಣಗಳು ಗಂಟೆಗಟ್ಟಲೆ ಅನೇಕರಿಗೆ ಸಿಗದಾದವು. ಮಾಲೀಕರಿಗೆ ತಮ್ಮ ಪೆಟ್ಟಿಗೆ ಪರರ ಆಳಾಗಿದೆ ಎಂಬ ಅರಿವೇ ಇರಲಿಲ್ಲ. ಬ್ರಿಟನ್ ದೇಶವು 2024ರ ಏಪ್ರಿಲ್ 29ರಿಂದ ಎಲ್ಲ ಪೆಟ್ಟಿಗೆಗಳಿಗೂ ಒಂದೇ ಸುಲಭ ಪಾಸ್‌ವರ್ಡ್ ಇಟ್ಟು ಮಾರುವುದನ್ನು ಕಾನೂನಿನಿಂದ ನಿಷೇಧಿಸಿದೆ. ನಮ್ಮ ಆಚಾರ್ಯರು ಮಿಥ್ಯಾತ್ವವನ್ನು ಎರಡಾಗಿ ವಿಂಗಡಿಸಿದ್ದಾರೆ: ಪರರ ಉಪದೇಶದಿಂದ ಬಂದದ್ದು ಗೃಹೀತ, ಯಾರೂ ಕಲಿಸದೆ ಅನಾದಿಯಿಂದ ಜೊತೆಯಲ್ಲೇ ಬಂದದ್ದು ಅಗೃಹೀತ. ದೇಹವೇ ನಾನು ಎಂಬ ಭಾವನೆ ಈ ಎರಡನೆಯ ಬಗೆಯದು. ಪೆಟ್ಟಿಗೆಯೊಂದಿಗೇ ಬಂದ ಪಾಸ್‌ವರ್ಡಿನಂತೆ ಅದು ನಮಗೆ ಸಹಜವೆಂದೇ ತೋರುತ್ತದೆ. ಕ್ರೋಧ, ಮಾನ, ಮಾಯಾ, ಲೋಭಗಳು ಒಳನುಗ್ಗುವುದು ಅದೇ ಬಾಗಿಲಿನಿಂದ.

ಹಾಗಾದರೆ ಮೊದಲು ಮಾಡಬೇಕಾದ್ದೇನು? ಏಳು ತತ್ತ್ವಗಳ ಕ್ರಮವೇ ಉತ್ತರ ಕೊಡುತ್ತದೆ: ಜೀವ, ಅಜೀವ, ಆಸ್ರವ, ಬಂಧ, ಸಂವರ, ನಿರ್ಜರೆ, ಮೋಕ್ಷ. ಕರ್ಮದ ಒಳಹರಿವು ಆಸ್ರವ; ಅದನ್ನು ತಡೆಯುವುದು ಸಂವರ; ಒಳಗೆ ಸೇರಿರುವುದನ್ನು ಉದುರಿಸುವುದು ನಿರ್ಜರೆ. ನಮ್ಮ ಮಳವಳ್ಳಿ ಸೀಮೆಯ ರೈತನಿಗೆ ಇದನ್ನು ವಿವರಿಸಬೇಕಾಗಿಲ್ಲ. ಗದ್ದೆಯಲ್ಲಿ ನೀರು ಹೆಚ್ಚಾಗಿ ಪೈರು ಕೊಳೆಯುವಾಗ ಅವನು ಮೊದಲು ಓಡುವುದು ನಾಲೆಯಿಂದ ನೀರು ನುಗ್ಗುವ ಮಡೆಯನ್ನು ಕಟ್ಟಲು; ಅನಂತರವೇ ಒಳಗಿನ ನೀರನ್ನು ಹೊರಗೆ ಬಿಡುತ್ತಾನೆ. ಮಡೆ ತೆರೆದಿಟ್ಟು ಎಷ್ಟು ಎತ್ತಿ ಚೆಲ್ಲಿದರೂ ವ್ಯರ್ಥ. ಸಂವರದ ಸಾಧನಗಳಲ್ಲಿ ಉಮಾಸ್ವಾಮಿಗಳು ಮೊದಲು ಎಣಿಸಿರುವುದು ಗುಪ್ತಿಯನ್ನು. ಮನಸ್ಸು, ಮಾತು, ಕಾಯಗಳ ಕಾವಲನ್ನು. ಗುಪ್ತಿ ಎಂದರೆ ರಕ್ಷಣೆ. ನಾವು ಫೋನಿಗೂ ಪೆಟ್ಟಿಗೆಗೂ ಗುಪ್ತಪದಗಳನ್ನು ಹಾಕಿ, ಮನಸ್ಸಿಗೆ ಮಾತ್ರ ಗುಪ್ತಿಯೇ ಇಲ್ಲದಂತೆ ಬಿಟ್ಟಿದ್ದೇವೆ.

ಹೋಲಿಕೆಗೆ ಒಂದು ಮಿತಿಯೂ ಇದೆ. ಮನೆಯ ರೂಟರ್ ಅನ್ನು ಬೇರೆಯವರು ಬಂದು ತೆರೆದುಕೊಡಬಹುದು. ಆತ್ಮನ ಬಾಗಿಲನ್ನು ಹಾಗೆ ತೆರೆಯುವವರು ಯಾರೂ ಇಲ್ಲ. ತೀರ್ಥಂಕರರು ದಾರಿ ತೋರಿದ್ದಾರೆ, ನಡೆಯಬೇಕಾದವರು ನಾವೇ. ಮದ್ದೂರು ತಾಲ್ಲೂಕಿನ ಅರೆತಿಪ್ಪೂರಿನ ಬೆಟ್ಟದ ಮೇಲೆ ಬಾಹುಬಲಿಸ್ವಾಮಿಯ ಪ್ರಾಚೀನ ವಿಗ್ರಹವಿದೆ. ಅದರ ಮುಂದೆ ನಿಂತವರಿಗೆ ಆ ಪುರಾಣಕಥೆ ನೆನಪಾಗದಿರದು. ಒಂದು ವರ್ಷ ಬಳ್ಳಿ ಹಬ್ಬುವಂತೆ ಅಲುಗಾಡದೆ ನಿಂತ ಆ ಮಹಾಮುನಿಗೂ ಅಣ್ಣ ಭರತನ ಕುರಿತಾದ ಒಂದು ಸಣ್ಣ ಅಳುಕು ಮನಸ್ಸಿನಲ್ಲಿ ಉಳಿದಿತ್ತು. ಭರತನು ಬಂದು ಪೂಜಿಸಿದಾಗ ಅದು ಕಳೆಯಿತು, ಕೇವಲಜ್ಞಾನ ಪ್ರಕಟವಾಯಿತು. ಭರತನು ಆ ಜ್ಞಾನವನ್ನು ತಂದು ಕೊಡಲಿಲ್ಲ. ಅದು ಒಳಗೇ ಇತ್ತು. ತಡೆದು ನಿಂತಿದ್ದುದು ಸೂಜಿಮೊನೆಯಷ್ಟು ಶಲ್ಯ.

ಶ್ರಾವಕರಾದ ನಾವು ಲೋಕವ್ಯವಹಾರದಲ್ಲಿಯೂ ಜಾಗ್ರತೆ ಬಿಡಬಾರದು. ಪೆಟ್ಟಿಗೆ ಕೂರಿಸಿದ ದಿನವೇ ಮೂಲ ಪಾಸ್‌ವರ್ಡನ್ನು ಬದಲಿಸಿರಿ. ಎರಡೂ ಪಾಸ್‌ವರ್ಡುಗಳನ್ನೂ ಕಂಪನಿ ಕೊಟ್ಟ ವಿವರಗಳನ್ನೂ ಒಂದು ಪುಸ್ತಕದಲ್ಲಿ ಬರೆದು, ಜಮೀನಿನ ಪತ್ರಗಳ ಜೊತೆಯಲ್ಲಿಡಿರಿ. ಅದು ಎಲ್ಲಿದೆಯೆಂದು ಮನೆಯ ಇನ್ನೊಬ್ಬರಿಗೆ ತಿಳಿದಿರಲಿ. ಆಯುಷ್ಯ ಯಾರ ಕೈಯಲ್ಲಿಯೂ ಇಲ್ಲ. ಆಗಾಗ ಅಡ್ಮಿನ್ ಪುಟ ತೆರೆದು, ಯಾವ ಯಾವ ಫೋನುಗಳು ಸೇರಿಕೊಂಡಿವೆ ಎಂಬ ಪಟ್ಟಿಯನ್ನು ನೋಡಿ, ಗುರುತಿಲ್ಲದುದನ್ನು ತೆಗೆದುಹಾಕಿರಿ.

ಸಂಜೆಯ ಪ್ರತಿಕ್ರಮಣವೂ ಇಂಥದೊಂದು ಪಟ್ಟಿಯನ್ನು ನೋಡುವ ಕೆಲಸವೇ. ಈ ದಿನ ನನ್ನೊಳಗೆ ಯಾವುದು ಬಂದಿತು, ಯಾರ ಅನುಮತಿಯಿಂದ ಬಂದಿತು, ಯಾವುದು ಇನ್ನೂ ಕುಳಿತಿದೆ ಎಂದು ಒಡೆಯನಾದವನು ಕೇಳಿಕೊಳ್ಳಬೇಕು. ಕೇಳುವ ಅಭ್ಯಾಸ ಇರುವವನು ತನ್ನ ಮನೆಯ ಹೊರಗೆ ಬಹುಕಾಲ ನಿಲ್ಲಬೇಕಾಗುವುದಿಲ್ಲ.