ವಿಹಾರಶುಲ್ಕವೂ ಅದರ ಮೇಲಣ ಕರವೂ

ಅಮೇರಿಕದ ಪ್ರವಾಸಿ ನಗರವೊಂದರಲ್ಲಿ ವಸತಿಗೃಹದ ಕೋಣೆಯನ್ನು ಮುಂಗಡವಾಗಿ ಗೊತ್ತುಮಾಡಿಕೊಂಡು ಹೋದವನು, ಹೊರಡುವ ದಿನ ಲೆಕ್ಕ ತೀರಿಸುವ ಹೊತ್ತಿಗೆ ಬಿಲ್ಲಿನಲ್ಲಿ ತಾನು ಎಣಿಸದೆ ಇದ್ದ ಒಂದು ಬಾಬು ಸೇರಿರುವುದನ್ನು ಬಹುಕಾಲದಿಂದ ಕಾಣುತ್ತ ಬಂದಿದ್ದಾನೆ. ಕೋಣೆಯ ಬಾಡಿಗೆ ದಿನಕ್ಕೆ 100 ಡಾಲರೆಂದು ಅವನು ಒಪ್ಪಿದ್ದನು. ಅದರ ಕೆಳಗೆ ದಿನಕ್ಕೆ 50 ಡಾಲರಿನಂತೆ ಮತ್ತೊಂದು ಮೊತ್ತ. ಇದಕ್ಕೆ ಅಲ್ಲಿಯವರು ಇಟ್ಟ ಹೆಸರು 'ರಿಸಾರ್ಟ್ ಫೀ'. ಕನ್ನಡದಲ್ಲಿ ವಿಹಾರಶುಲ್ಕವೆನ್ನಬಹುದಾದರೂ ಹೆಸರಿನಲ್ಲಿಯೇ ಕೊಂಚ ಮೋಸವಿದೆ. ವಿಹಾರವೇನನ್ನೂ ಮಾಡದೆ ಕದವಿಕ್ಕಿ ಮಲಗಿ ನಿದ್ರೆ ತೆಗೆದವನೂ ಇದನ್ನು ತೆರಲೇಬೇಕು. ಈಜುಕೊಳ, ವ್ಯಾಯಾಮಶಾಲೆ, ಅಂತರ್ಜಾಲದ ಸಂಪರ್ಕ, ಊರೊಳಗಣ ದೂರವಾಣಿ ಕರೆ, ಬೆಳಗಿನ ವೃತ್ತಪತ್ರಿಕೆ ಇವೆಲ್ಲವುಗಳ ಸಲುವಾಗಿ ಈ ಶುಲ್ಕವೆಂದು ವಿವರಣೆ ಕೊಡುವುದುಂಟು. ಜೇಬಿನಲ್ಲಿ ಸ್ವಂತ ದೂರವಾಣಿಯಿಲ್ಲದ ಪ್ರವಾಸಿಯೇ ಸಿಗದ ಈ ಕಾಲದಲ್ಲಿ ಊರೊಳಗಣ ಕರೆಗೆ ಹಣ ತೆಗೆದುಕೊಳ್ಳುವವರ ಗಾಂಭೀರ್ಯ ಮೆಚ್ಚತಕ್ಕದ್ದೇ ಸರಿ.

ಈ ಪದ್ಧತಿಯು 1990ರ ದಶಕದ ಉತ್ತರಾರ್ಧದಲ್ಲಿ ಕಡಲತೀರದ ವಿಹಾರಧಾಮಗಳಲ್ಲಿ ಕಾಣಿಸಿಕೊಂಡು, ಕ್ರಮೇಣ ಲಾಸ್ ವೇಗಾಸ್, ಹವಾಯಿ, ಫ್ಲೋರಿಡಗಳಲ್ಲಿ ನೆಲೆಯೂರಿ, ಅಲ್ಲಿಂದ ಉದ್ಯಾನವೂ ಈಜುಕೊಳವೂ ಇಲ್ಲದ ನ್ಯೂಯಾರ್ಕಿನ ನಡುಪೇಟೆಯ ವಸತಿಗೃಹಗಳಿಗೂ ಹಬ್ಬಿತು. ಹಾಗೆ ಹಬ್ಬಲು ಕಾರಣಗಳು ಎರಡು. ಅಂತರ್ಜಾಲದಲ್ಲಿ ಕೋಣೆಗಳನ್ನು ಹುಡುಕುವವನು ಕಡಿಮೆ ಬಾಡಿಗೆಯದನ್ನು ಮೊದಲು ನೋಡುತ್ತಾನೆ. 150 ಡಾಲರಿನ ಕೋಣೆಗಿಂತ '100 ಡಾಲರು, ಮೇಲೆ 50 ಶುಲ್ಕ' ಎಂಬ ಕೋಣೆಯು ಪಟ್ಟಿಯಲ್ಲಿ ಮೇಲೆ ನಿಲ್ಲುತ್ತದೆ. ನೆರೆಯವನು ಬೆಲೆಯನ್ನು ಹೀಗೆ ಒಡೆದು ಬರೆದಾಗ, ಒಟ್ಟು ಬೆಲೆಯನ್ನೇ ಬರೆದ ಪ್ರಾಮಾಣಿಕನು ದುಬಾರಿಯವನೆಂದು ಎಣಿಕೆಗೆ ಬಂದು ಗಿರಾಕಿಯನ್ನು ಕಳೆದುಕೊಳ್ಳುತ್ತಾನೆ. ಆದುದರಿಂದ ಅವನೂ ಒಡೆಯತೊಡಗುತ್ತಾನೆ. ಎರಡನೆಯ ಕಾರಣವು ಗಿರಾಕಿಯ ಕಣ್ಣಿಗೆ ಬೀಳದು. ಕೋಣೆಯನ್ನು ಮಾರಿಕೊಡುವ ಮಧ್ಯಸ್ಥ ಸಂಸ್ಥೆಗಳಿಗೆ ಬಾಡಿಗೆಯ ಮೇಲೆ ದಲ್ಲಾಳಿ ಸಲ್ಲುತ್ತದೆ. ಅದು ನೂರಕ್ಕೆ 20 ಎಂದಿಟ್ಟುಕೊಂಡರೆ 150 ಡಾಲರಿನ ಬಾಡಿಗೆಗೆ 30 ಡಾಲರು ಹೋಗಬೇಕು. ಬಾಡಿಗೆಯನ್ನು 100 ಮಾಡಿ ಉಳಿದ 50ನ್ನು ವಸತಿಗೃಹದ ಕಟ್ಟೆಯಲ್ಲಿಯೇ ಶುಲ್ಕವಾಗಿ ವಸೂಲು ಮಾಡಿದರೆ 20 ಡಾಲರಿಗೆ ಮುಗಿಯಿತು. 2019ರಲ್ಲಿ ಬುಕಿಂಗ್ ಡಾಟ್ ಕಾಮ್ ಸಂಸ್ಥೆಯು ಇಂಥ ಶುಲ್ಕದ ಮೇಲೂ ದಲ್ಲಾಳಿ ಪಡೆಯುವುದಾಗಿ ಪ್ರಕಟಿಸಿದ್ದು ಈ ಲೆಕ್ಕವನ್ನು ಅರಿತೇ.

ದಲ್ಲಾಳಿಯು ತಡವಾಗಿ ಕಂಡುಕೊಂಡ ಈ ಸಂಗತಿಯನ್ನು ಕರಾಧಿಕಾರಿಯು ಎಂದೋ ಕಂಡುಕೊಂಡಿದ್ದನು. ಅಮೇರಿಕದ ಸಂಸ್ಥಾನಗಳೂ ನಗರಗಳೂ ವಸತಿಗೃಹದ ಬಾಡಿಗೆಯ ಮೇಲೆ ಪ್ರತ್ಯೇಕವಾದ ಕರವೊಂದನ್ನು ವಿಧಿಸುತ್ತವೆ. ತೆರುವವನು ಪರಸ್ಥಳದವನಾದುದರಿಂದಲೂ ಅವನಿಗೆ ಅಲ್ಲಿ ಮತವಿಲ್ಲವಾದುದರಿಂದಲೂ ಈ ಕರವು ಆಳುವವರಿಗೆ ಅತಿ ಪ್ರಿಯವಾದುದು. ಹಾಗಾದರೆ ಬಾಡಿಗೆಯೆಂದರೆ ಯಾವುದು? ಕೋಣೆಗೆ ಕೊಟ್ಟದ್ದು ಮಾತ್ರವೆ? ಈಜುಕೊಳಕ್ಕೆಂದು ಕೊಟ್ಟದ್ದೂ ಅದರಲ್ಲಿ ಸೇರುವುದೆ? ಸೇರುವುದಿಲ್ಲವೆಂದಾದರೆ ವಸತಿಗೃಹದವನು ಬಾಡಿಗೆಯನ್ನು ಕರಗಿಸಿ ಶುಲ್ಕವನ್ನು ಉಬ್ಬಿಸುತ್ತ ಹೋಗಬಹುದು. ಸರಕಾರದ ಬೊಕ್ಕಸವು ಅಷ್ಟಷ್ಟೇ ಸೊರಗುತ್ತದೆ.

ಈ ತೊಡಕನ್ನು ಫ್ಲೋರಿಡ ಸಂಸ್ಥಾನದ ಕರನಿಯಮವು ಒಂದೇ ಒರೆಗಲ್ಲಿನಿಂದ ಬಿಡಿಸಿದೆ. ಕೋಣೆಯನ್ನು ಬಳಸಬೇಕಾದರೆ ಅತಿಥಿಯು ಯಾವುದನ್ನು ಕೊಡಲೇಬೇಕೋ ಅದೆಲ್ಲವೂ, ಬಿಲ್ಲಿನಲ್ಲಿ ಬೇರೆಯಾಗಿ ಬರೆದಿದ್ದರೂ, ಬಾಡಿಗೆಯೇ. ಬೇಡವೆನ್ನಲು ಅವನು ಸ್ವತಂತ್ರನಾಗಿದ್ದು, ಬೇಕೆಂದು ಕೇಳಿ ಪಡೆದ ಸೇವೆಗೆ ಕೊಟ್ಟದ್ದು ಮಾತ್ರ ಬಾಡಿಗೆಯಲ್ಲ. ಇಲ್ಲಿ ಶುಲ್ಕದ ಹೆಸರಿಗೆ ಬೆಲೆಯಿಲ್ಲ, ಅದರಿಂದ ದೊರೆತ ಸೌಕರ್ಯಕ್ಕೂ ಬೆಲೆಯಿಲ್ಲ. ಇರುವುದು ನಿರ್ಬಂಧಕ್ಕೆ ಮಾತ್ರ. ನ್ಯಾಯವಾದ ನಿಯಮವಿದು. ದುರಸ್ತಿಗೆಂದು ಈಜುಕೊಳವನ್ನು ಮುಚ್ಚಿದ ದಿನವೂ ಶುಲ್ಕ ನಿಲ್ಲುವುದಿಲ್ಲವೆಂದ ಮೇಲೆ ಅದು ಈಜುಕೊಳದ ಶುಲ್ಕವಲ್ಲವೆಂಬುದು ಸ್ಪಷ್ಟವೇ ಆಯಿತಲ್ಲ.

ಹವಾಯಿಯಲ್ಲಿ ಇದೇ ಮಾತನ್ನು ಕಾಯಿದೆಯಲ್ಲಿ ಬಿಡಿಸಿ ಬರೆಯಬೇಕಾಯಿತು. ಅಲ್ಲಿ ಎಲ್ಲ ವ್ಯಾಪಾರದ ಮೇಲೂ ಬೀಳುವ ಸಾಮಾನ್ಯ ಕರವೊಂದಿದೆ. ಅದರ ಮೇಲೆ ಅಲ್ಪಕಾಲದ ವಸತಿಗೆಂದೇ ಇನ್ನೊಂದು, ಹೆಚ್ಚು ಭಾರದ, ಕರವಿದೆ. ವಿಹಾರಶುಲ್ಕವು ಎರಡನೆಯದಕ್ಕೂ ಒಳಪಡುತ್ತದೆಂದು 2019ರ ಜುಲೈ 1ರಿಂದ ಜಾರಿಗೆ ಬಂದ ಶಾಸನವು ನಿಸ್ಸಂದಿಗ್ಧವಾಗಿ ಸಾರಿತು. ಆಗ ಆ ಕರದ ದರವು ನೂರಕ್ಕೆ 10.25 ಆಗಿದ್ದಿತು, 2026ರ ಜನವರಿ 1ರಿಂದ ಅದು ನೂರಕ್ಕೆ 11 ಆಯಿತು. ಅದರ ಮೇಲೆ ಆಯಾ ಕೌಂಟಿಗಳ ನೂರಕ್ಕೆ 3 ಬೇರೆ.

ಲಾಸ್ ವೇಗಾಸಿನ 'ಸ್ಟ್ರಿಪ್' ಎಂಬ ಜೂಜುಗೃಹಗಳ ಬೀದಿಯಲ್ಲಿ ವಸತಿಕರವು ನೂರಕ್ಕೆ 13.38, ಅದು ಶುಲ್ಕದ ಮೇಲೂ ಬೀಳುತ್ತದೆ. ಮೇಲಿನ ಉದಾಹರಣೆಯನ್ನೇ ತೆಗೆದುಕೊಂಡರೆ 150 ಡಾಲರಿಗೆ ಕರ 20 ಡಾಲರು 7 ಸೆಂಟು. 100 ಡಾಲರೆಂದು ಎಣಿಸಿ ಹೋದವನು ಕೊಟ್ಟು ಬರುವುದು 170 ಡಾಲರು 7 ಸೆಂಟು. ಈ ದರದ ಬಾಲದಲ್ಲಿರುವ 0.88 ಎಂಬ ಅಂಶವನ್ನು, 2016ರ ಶಾಸನದ ಮೇರೆಗೆ, ಅಲ್ಲಿಯ ಫುಟ್‌ಬಾಲ್ ಕ್ರೀಡಾಂಗಣದ ನಿರ್ಮಾಣಕ್ಕಾಗಿ ಸರಕಾರವು ಹೊತ್ತ 75 ಕೋಟಿ ಡಾಲರಿನ ಭಾರಕ್ಕೆಂದು ಸೇರಿಸಲಾಯಿತು. ಎಂದರೆ ಅತಿಥಿಯು ಮುಟ್ಟದ ಈಜುಕೊಳದ ಶುಲ್ಕದಿಂದ ಅವನು ನೋಡದ ಆಟದ ಮೈದಾನಕ್ಕೆ ದಿನವೊಂದಕ್ಕೆ 44 ಸೆಂಟು ಸಂದಾಯವಾಗುತ್ತದೆ.

ಹೀಗಿರಲಾಗಿ ಒಂದು ವಿಚಿತ್ರ ಪರಿಸ್ಥಿತಿಯು ವರ್ಷಗಟ್ಟಲೆ ನಡೆದುಬಂದಿತು. ಒಂದೇ ಬಿಲ್ಲು ಕರಾಧಿಕಾರಿಯ ಮುಂದೆ ಬಂದಾಗ ಅದರಲ್ಲಿ ಒಂದೇ ಬೆಲೆಯಿದ್ದಿತು. ಗಿರಾಕಿಯ ಮುಂದೆ ಇಟ್ಟಾಗ ಎರಡು. ಬೊಕ್ಕಸಕ್ಕೆ ನಷ್ಟವಾಗುವಲ್ಲಿ ತಟ್ಟನೆ ಕಂಡ ಸತ್ಯವು ಪ್ರವಾಸಿಗೆ ನಷ್ಟವಾಗುವಲ್ಲಿ ಕಾಣಲು ಬಹಳ ತಡವಾಯಿತು. ವ್ಯಾಪಾರದ ನಡವಳಿಕೆಯನ್ನು ನೋಡಿಕೊಳ್ಳುವ ಫೆಡರಲ್ ಟ್ರೇಡ್ ಕಮಿಷನ್ ಎಂಬ ಕೇಂದ್ರ ಆಯೋಗವು 2012ರಲ್ಲಿ 22 ವಸತಿಗೃಹ ಸಂಸ್ಥೆಗಳಿಗೆ ಎಚ್ಚರಿಕೆಯ ಪತ್ರ ಬರೆಯಿತು. ಶುಲ್ಕವನ್ನು ಬಾಡಿಗೆಯಿಂದ ಬೇರ್ಪಡಿಸಿ ತೋರಿಸುವುದರಿಂದ ಗಿರಾಕಿಯು ಹುಡುಕುವ ಹಾಗೂ ಹೋಲಿಸುವ ಶ್ರಮವು ಹೆಚ್ಚಿ ಅವನಿಗೆ ಹಾನಿಯಾಗುತ್ತದೆಂದು ಅದೇ ಆಯೋಗದ ಅರ್ಥಶಾಸ್ತ್ರಜ್ಞೆ ಮೇರಿ ಸುಲಿವನ್ 2017ರ ವರದಿಯಲ್ಲಿ ತೋರಿಸಿಕೊಟ್ಟರು. 2019ರ ಜುಲೈ ತಿಂಗಳಲ್ಲಿ ವಾಷಿಂಗ್ಟನ್ ನಗರದ ಮಹಾನ್ಯಾಯವಾದಿಯು ಮ್ಯಾರಿಯಟ್ ಸಂಸ್ಥೆಯ ಮೇಲೂ, ನೆಬ್ರಾಸ್ಕ ಸಂಸ್ಥಾನದವನು ಹಿಲ್ಟನ್ ಸಂಸ್ಥೆಯ ಮೇಲೂ ದಾವೆ ಹೂಡಿದರು. ಕೊನೆಗೆ ಆಯೋಗದ ನಿಯಮವು 2024ರ ಡಿಸೆಂಬರಿನಲ್ಲಿ ಪ್ರಕಟವಾಗಿ 2025ರ ಮೇ 12ರಂದು ಜಾರಿಗೆ ಬಂದಿತು. ಅದರ ಮೇರೆಗೆ ಅಲ್ಪಕಾಲದ ವಸತಿಯ ಬೆಲೆಯನ್ನು ಎಲ್ಲಿ ಪ್ರಕಟಿಸಿದರೂ, ಕೊಡಲೇಬೇಕಾದ ಶುಲ್ಕಗಳನ್ನೆಲ್ಲ ಕೂಡಿಸಿದ ಒಟ್ಟು ಮೊತ್ತವೇ ಮಿಕ್ಕೆಲ್ಲ ಅಂಕಿಗಳಿಗಿಂತ ಎದ್ದು ಕಾಣಬೇಕು.

ಈ ನಿಯಮವು ಶುಲ್ಕವನ್ನು ನಿಷೇಧಿಸಿಲ್ಲ. ಬಚ್ಚಿಡುವುದನ್ನು ಮಾತ್ರ ನಿಷೇಧಿಸಿದೆ. ಸರಕಾರದ ಕರವನ್ನು ಆ ಒಟ್ಟು ಮೊತ್ತದಿಂದ ಹೊರಗಿಡಲು ಅವಕಾಶವನ್ನೂ ಕೊಟ್ಟಿದೆ. ಹಣ ಪಡೆಯುವ ಮೊದಲು ಅದನ್ನು ತಿಳಿಸಿದರೆ ಸಾಕು. ಆದುದರಿಂದ ಮಕ್ಕಳ ಮನೆಗೆಂದು ಅಮೇರಿಕಕ್ಕೆ ಹೋಗಿ ಅಲ್ಲಿಂದ ಲಾಸ್ ವೇಗಾಸ್ ನೋಡಲು ಹೊರಟ ಕನ್ನಡ ದಂಪತಿಗಳಿಗೆ ಈಗ 150 ಎಂಬ ಅಂಕಿ ಮೊದಲೇ ಕಂಡೀತು; 20 ಡಾಲರು 7 ಸೆಂಟಿನದು ಆಮೇಲೆಯೇ ಬಂದೀತು.

ಭಾರತದಲ್ಲಿ ಈ ಶುಲ್ಕದ ಸಮೀಪದ ಬಂಧುವೆಂದರೆ ಉಪಾಹಾರಗೃಹಗಳ ಸೇವಾಶುಲ್ಕ, ಅರ್ಥಾತ್ 'ಸರ್ವಿಸ್ ಚಾರ್ಜು'. ಕನ್ನಡಿಗನ ಬಾಯಲ್ಲಿ ಹೋಟೆಲೆಂದರೆ ಉಣ್ಣುವ ಸ್ಥಳ, ಲಾಡ್ಜೆಂದರೆ ಮಲಗುವ ಸ್ಥಳ. ಆದುದರಿಂದ ಈ ವಿಷಯವು ಮುಂಬಯಿ, ಪುಣೆಗಳ ಕನ್ನಡಿಗರಿಗೆ ಗಿರಾಕಿಯಾಗಿಯೂ, ಅವರಲ್ಲಿ ಅನೇಕರಿಗೆ ಗಲ್ಲೆಯ ಮೇಲೆ ಕುಳಿತವರಾಗಿಯೂ ಪರಿಚಿತವಾದುದೇ. ಚಿಕ್ಕ ಹೋಟೆಲುಗಳಲ್ಲಿ ಈ ತೊಡಕಿಲ್ಲ. ವರ್ಷಕ್ಕೆ ಒಂದೂವರೆ ಕೋಟಿ ರೂಪಾಯಿಗೆ ಮೀರದ ವ್ಯಾಪಾರವುಳ್ಳವನು 'ಕಾಂಪೊಸಿಷನ್' ಪದ್ಧತಿಯನ್ನು ಆರಿಸಿಕೊಂಡರೆ ಜಿ.ಎಸ್.ಟಿ.ಯನ್ನು ತಾನೇ ಕೊಡತಕ್ಕದ್ದು, ಗಿರಾಕಿಯಿಂದ ಬೇರೆಯಾಗಿ ವಸೂಲು ಮಾಡಕೂಡದು. ಅಲ್ಲಿ ಗೋಡೆಯ ಹಲಗೆಯ ಮೇಲೆ ಇಡ್ಲಿಗೆ ಬರೆದ ಬೆಲೆಯೇ ಬೆಲೆ. ದೊಡ್ಡ ಉಪಾಹಾರಗೃಹಗಳಲ್ಲಿ ಮಾತ್ರ ಊಟದ ಬೆಲೆ, ಅದರ ಮೇಲೆ ಸೇವಾಶುಲ್ಕ, ಎರಡೂ ಕೂಡಿದ ಮೊತ್ತದ ಮೇಲೆ ಕರ ಎಂಬ ಕ್ರಮ ಬೆಳೆದುಬಂದಿತು.

2017ರ ಕೇಂದ್ರ ಜಿ.ಎಸ್.ಟಿ. ಕಾಯಿದೆಯ 15ನೆಯ ಕಲಮು, ಪೂರೈಕೆ ಮಾಡುವವನು ಪೂರೈಕೆಯ ಹೊತ್ತಿಗೆ ಅಥವಾ ಅದಕ್ಕೆ ಮುಂಚೆ ಮಾಡಿದ ಯಾವ ಕೆಲಸಕ್ಕೆ ಹಣ ತೆಗೆದುಕೊಂಡರೂ ಅದು ಮೌಲ್ಯದಲ್ಲಿ ಸೇರುತ್ತದೆಂದು ಹೇಳುತ್ತದೆ. ಫ್ಲೋರಿಡದ ತರ್ಕಕ್ಕೆ ಇದು ದೂರವಲ್ಲ. ಆದರೆ ಗ್ರಾಹಕರ ಹಿತದ ದೃಷ್ಟಿಯಿಂದ ಭಾರತವು ಹಿಡಿದ ದಾರಿ ಬೇರೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈ 4ರ ಮಾರ್ಗಸೂಚಿಯಲ್ಲಿ, ಸೇವಾಶುಲ್ಕವನ್ನು ಬಿಲ್ಲಿಗೆ ತಾನೇ ತಾನಾಗಿ ಸೇರಿಸಕೂಡದು, ಊಟದ ಬಿಲ್ಲಿಗೆ ಅದನ್ನು ಕೂಡಿಸಿ ಒಟ್ಟಿನ ಮೇಲೆ ಜಿ.ಎಸ್.ಟಿ. ಹಾಕಿ ವಸೂಲು ಮಾಡಲೂಕೂಡದು ಎಂದಿತು. ಹೋಟೆಲು ಉದ್ಯಮದ ಸಂಘಗಳು ದಿಲ್ಲಿಯ ಉಚ್ಚ ನ್ಯಾಯಾಲಯಕ್ಕೆ ಹೋಗಿ ಅದೇ ತಿಂಗಳು ತಡೆಯಾಜ್ಞೆ ತಂದವು. 2025ರ ಮಾರ್ಚ್ 28ರಂದು ನ್ಯಾಯಮೂರ್ತಿ ಪ್ರತಿಭಾ ಎಂ. ಸಿಂಗ್ ಅವರು ಮಾರ್ಗಸೂಚಿಯನ್ನು ಎತ್ತಿಹಿಡಿದರು. ಆ ತೀರ್ಪಿನ ಮೇಲೆ ವಿಭಾಗೀಯ ಪೀಠಕ್ಕೆ ಮೇಲ್ಮನವಿಯೂ ಹೋಯಿತು. ಅಮೇರಿಕವು 'ತೆಗೆದುಕೋ, ಆದರೆ ಮೊದಲೇ ತೋರಿಸು' ಎಂದರೆ, ಭಾರತವು 'ಕೇಳದೆ ತೆಗೆದುಕೊಳ್ಳಲೇಬೇಡ' ಎಂದಿತು.

ಮಲಗುವ ಕೋಣೆಯ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿಗೆ ಮೀರದ ಕೋಣೆಗೆ ಜಿ.ಎಸ್.ಟಿ. ನೂರಕ್ಕೆ 5, ಮೀರಿದುದಕ್ಕೆ ನೂರಕ್ಕೆ 18. ಬಾಡಿಗೆ 7,200, ಬಿಡಲಾಗದ ಸೌಕರ್ಯಶುಲ್ಕ 500 ಎಂದಿಟ್ಟುಕೊಳ್ಳೋಣ. ಅವೆರಡೂ ಬೇರೆ ಬೇರೆ ಸೇವೆಗಳಾಗಿ, ಶುಲ್ಕಕ್ಕೆ ಮಾತ್ರ ನೂರಕ್ಕೆ 18 ಬಿದ್ದರೆ ಅತಿಥಿಯು ತೆರುವುದು 8,150. ಶುಲ್ಕವೂ ಕೋಣೆಯ ಬೆಲೆಯ ಅಂಗವೆಂದಾದರೆ ಒಟ್ಟು 7,700 ರೂಪಾಯಿಯು ಮೇಲಿನ ದರಕ್ಕೆ ಜಾರಿ ಬಿಲ್ಲು 9,086 ಆಗುತ್ತದೆ. ನಿರ್ಬಂಧವೇ ಒರೆಗಲ್ಲಾದರೆ ಎರಡನೆಯ ಲೆಕ್ಕವೇ ಸರಿಯೆಂದು ಒಪ್ಪಬೇಕಾಗುತ್ತದೆ. ಎಂದರೆ 500 ರೂಪಾಯಿಯ ಶುಲ್ಕವೊಂದು 936 ರೂಪಾಯಿಯ ಹೆಚ್ಚಿನ ಕರವನ್ನು ಬೆನ್ನಿಗೆ ಕಟ್ಟಿಕೊಂಡು ಬಂದಿತು; ಇದರಲ್ಲಿ ವಸತಿಗೃಹದವನಿಗೆ ದಕ್ಕುವುದು ಒಂದು ಕಾಸೂ ಇಲ್ಲ. ಡಿಸೆಂಬರ್ 31ರ ರಾತ್ರಿ ವಿಹಾರಧಾಮಗಳಲ್ಲಿ ಬೇಕಿದ್ದರೂ ಬೇಡವಾದರೂ ತಲೆಗಿಷ್ಟರಂತೆ ಹೇರುವ ಹೊಸ ವರ್ಷದ ಔತಣಕ್ಕೂ ಇದೇ ಪ್ರಶ್ನೆಯು ಬರುತ್ತದೆ. ಆ ದಿನಗಳಲ್ಲಿ 7,500ರ ಗೆರೆಯ ಹತ್ತಿರದ ಕೋಣೆ ಹಿಡಿಯುವವನು, ಔತಣವನ್ನು ಬಿಡಬಹುದೆ ಎಂದು ಮುಂಗಡ ಹಣ ಕಳುಹಿಸುವ ಮೊದಲೇ ಬರೆದು ಕೇಳಿ, ಬಂದ ಉತ್ತರವನ್ನು ಬಿಲ್ಲು ಕೈಸೇರುವವರೆಗೂ ಜೋಪಾನವಾಗಿ ಇಟ್ಟುಕೊಳ್ಳುವುದು ಲೇಸು.