ಎಣ್ಣೆ-ನೀರಿನ ಹೊತ್ತೇ ಕೂಸಿನ ಆಟದ ಹೊತ್ತು

ಚುಚ್ಚುಮದ್ದಿನ ದಿನ ನಮ್ಮಲ್ಲಿಗೆ ಬರುವ ತಾಯಂದಿರು ಪದೇ ಪದೇ ಕೇಳುವ ಪ್ರಶ್ನೆ ಒಂದಿದೆ: "ಸಿಸ್ಟರ್, ಕೂಸು ಚುರುಕಾಗಬೇಕಂದ್ರ ಯಾವ ಆಟದ ಸಾಮಾನ ತರಬೇಕ್ರಿ? ಯಾವ ಟಾನಿಕ್ ಹಾಕಬೇಕ್ರಿ?" ಎರಡೂ ಬೇಡ ಎಂದರೆ ಕೆಲವರ ಮುಖ ಸಣ್ಣದಾಗುತ್ತದೆ. ಆದರೆ ನಿಜ ಅದೇ. ಮೊದಲ ಮೂರು ವರ್ಷಗಳಲ್ಲಿ ಮಗುವಿನ ಮಿದುಳು ಬಹಳ ವೇಗವಾಗಿ ಬೆಳೆಯುತ್ತದೆ. ಆಗ ಅದಕ್ಕೆ ಹಾಲಿನಷ್ಟೇ ಬೇಕಾದದ್ದು ತನ್ನ ಮುಖ ನೋಡಿ ಮಾತಾಡುವ ಒಬ್ಬ ಮನುಷ್ಯ.

ಇದಕ್ಕಾಗಿ ಬೇರೆ ಸಮಯ ಹುಡುಕಬೇಕಿಲ್ಲ. ಎಣ್ಣೆ ಹಚ್ಚಿ ನೀರು ಹಾಕುವ ಹೊತ್ತನ್ನೇ ನೋಡಿ. "ಇದು ನಿನ್ನ ಕೈ, ಇದು ಪುಟ್ಟ ಬೆರಳು, ಈಗ ಕಾಲಿಗೆ ಹಚ್ಚೋಣ" ಎನ್ನುತ್ತಾ ಹಚ್ಚಿರಿ. ನಡುವೆ ಮಾತು ನಿಲ್ಲಿಸಿ ಸ್ವಲ್ಪ ಕಾಯಿರಿ. ಎರಡು ತಿಂಗಳ ಕೂಸು ನಕ್ಕೀತು. ಮೂರು-ನಾಲ್ಕು ತಿಂಗಳದ್ದು "ಆ", "ಊ" ಎಂದೀತು. ಅದೇ ಅದರ ಉತ್ತರ. ನೀವೂ ತಿರುಗಿ "ಆ" ಅನ್ನಿರಿ. ಹೀಗೆ ಒಬ್ಬರು ಅಂದು ಇನ್ನೊಬ್ಬರು ಕೇಳುವುದರಲ್ಲಿಯೇ ಮುಂದೆ ಬರುವ ಮಾತಿನ ಬೇರು ಇದೆ. ಕೂಸಿಗೆ ಎರೆಯುವ ಅಜ್ಜಿಯರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಅವರು ಬಾಯಿ ಮುಚ್ಚಿಕೊಂಡು ಎರೆಯುವುದೇ ಇಲ್ಲ. ಕಿವಿ, ಮೂಗಿಗೆ ಎಣ್ಣೆ ಬಿಡುವುದು ಮಾತ್ರ ಬೇಡ. ಇದಕ್ಕೆ ಅಜ್ಜಿಯರು ನನ್ನ ಮೇಲೆ ಸಿಟ್ಟಾದರೂ ಚಿಂತೆಯಿಲ್ಲ.

ಮಗು ಎಚ್ಚರವಿರುವಾಗ ದಿನಕ್ಕೆ ಕೆಲವು ಸಲ ನಿಮ್ಮ ಕಣ್ಣೆದುರಿಗೇ ಬೋರಲು ಮಲಗಿಸಿ ಆಡಿಸಿರಿ. ಕುತ್ತಿಗೆ, ಬೆನ್ನು ಗಟ್ಟಿಯಾಗುತ್ತವೆ. ನಿದ್ದೆಗೆ ಮಾತ್ರ ಯಾವಾಗಲೂ ಅಂಗಾತ.

ಆರು ತಿಂಗಳು ದಾಟಿದ ಮೇಲೆ ಅಡುಗೆಮನೆಯ ಸ್ಟೀಲ್ ಬಟ್ಟಲು, ಚಮಚ ಸಾಕು. ಮಗು ಚಮಚವನ್ನು ಹತ್ತು ಸಲ ಕೆಳಗೆ ಬೀಳಿಸಿದರೆ ಅದು ಹಟವಲ್ಲ. ಬಿದ್ದರೆ ಏನಾಗುತ್ತದೆ, ಅವ್ವ ಎತ್ತಿಕೊಡುತ್ತಾಳೋ ಇಲ್ಲವೋ ಎಂದು ಅದು ಪರೀಕ್ಷೆ ಮಾಡುತ್ತಿದೆ. ಸೆರಗಿನಿಂದ ಮುಖ ಮುಚ್ಚಿ ತೆಗೆಯುವ ಆಟದಲ್ಲಿ, ಕಣ್ಣಿಗೆ ಕಾಣದಿದ್ದರೂ ಅವ್ವ ಇಲ್ಲೇ ಇದ್ದಾಳೆ ಎಂಬುದು ಅದಕ್ಕೆ ತಿಳಿಯತೊಡಗುತ್ತದೆ. ವರ್ಷ ತುಂಬಿದ ಮೇಲೆ "ಅಪ್ಪನ ಚಪ್ಪಲಿ ಎಲ್ಲಿ?" ಎಂದು ಕೇಳಿರಿ. ಒಣಗಿದ ಬಟ್ಟೆ ಮಡಚುವಾಗ ಒಂದೊಂದನ್ನು ಅದರ ಕೈಗೆ ಕೊಟ್ಟು ಯಾರದೆಂದು ಹೇಳಿರಿ. ಶೇಂಗಾ, ಕಡಲೆ, ನಾಣ್ಯ, ಗುಂಡಿ, ಸಣ್ಣ ಸೆಲ್ ಇವು ಮಾತ್ರ ಕೈಗೆ ಸಿಗಬಾರದು. ನೀರು ತುಂಬಿದ ಬಕೆಟ್ ಹತ್ತಿರ ಒಂದು ಗಳಿಗೆಯೂ ಒಂಟಿಯಾಗಿ ಬಿಡಬಾರದು. ವಾಕರ್ ಬೇಡ, ಅದರಿಂದ ಮಗು ಬೇಗ ನಡೆಯುವುದಿಲ್ಲ, ಬೀಳುವುದು ಮಾತ್ರ ಹೆಚ್ಚು.

ಇನ್ನು ಮೊಬೈಲ್. ನನ್ನ ಮಗನಿಗೆ ನಾನೇ ಕೆಲವು ತಿಂಗಳು ಅದನ್ನು ತೋರಿಸಿ ಉಣ್ಣಿಸಿದ್ದೇನೆ, ಡ್ಯೂಟಿಗೆ ಹೊತ್ತಾಗುತ್ತಿತ್ತು. ಬಿಡಿಸಲು ಒಂದು ವಾರ ಅಳು, ರಂಪ. ಆಮೇಲೆ ಕಾಗೆ, ಆಕಳು ನೋಡುತ್ತಾ ಉಂಡ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಸಲಹೆಯಂತೆ ಒಂದು ವರ್ಷದ ಮಗುವಿಗೂ ಟಿವಿ, ಮೊಬೈಲ್ ಬೇಡ; ಎರಡು ವರ್ಷದಿಂದ ನಾಲ್ಕು ವರ್ಷದವರೆಗೆ ದಿನಕ್ಕೆ 1 ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು.

ಆಟ ಆಡಿಸುವವರಿಗೆ ಇನ್ನೊಂದು ಉಪಯೋಗವಿದೆ: ಮಗುವಿನಲ್ಲಿ ಏನಾದರೂ ಹಿಂದುಳಿದಿದ್ದರೆ ಮೊದಲು ಗೊತ್ತಾಗುವುದು ಅವರಿಗೇ. ಎರಡು ವರ್ಷ ದಾಟಿದ ಒಂದು ಹೆಣ್ಣುಮಗು ಒಂದೂ ಮಾತಾಡುತ್ತಿರಲಿಲ್ಲ. "ಇವರಪ್ಪನೂ ಮೂರು ವರ್ಷಕ್ಕ ಮಾತಾಡಿದ್ದ" ಎಂದು ಮನೆಯ ಹಿರಿಯರು ಕಾಯುತ್ತಿದ್ದರು. ಪರೀಕ್ಷಿಸಿದಾಗ ಮಗುವಿಗೆ ಕಿವಿಯೇ ಕೇಳುತ್ತಿರಲಿಲ್ಲ. ಬೆನ್ನ ಹಿಂದಿನಿಂದ ಕರೆದರೆ ತಿರುಗುವುದಿಲ್ಲ ಎಂಬುದನ್ನು ತಾಯಿ ಬಹಳ ದಿನದಿಂದ ಗಮನಿಸಿದ್ದಳು, ಹೇಳಲು ಹೆದರಿದ್ದಳು.

ದಯವಿಟ್ಟು ಹೆದರಬೇಡಿ. 3 ತಿಂಗಳಾದರೂ ನಿಮ್ಮ ಮುಖ ನೋಡಿ ನಗದಿದ್ದರೆ, 5 ತಿಂಗಳಿಗೂ ಕುತ್ತಿಗೆ ನಿಲ್ಲದಿದ್ದರೆ, 9 ತಿಂಗಳಿಗೂ ಆಸರೆಯಿಲ್ಲದೆ ಕೂರದಿದ್ದರೆ, ವರ್ಷವಾದರೂ ಹೆಸರು ಕರೆದಾಗ ತಿರುಗದಿದ್ದರೆ, ಒಂದೂವರೆ ವರ್ಷಕ್ಕೂ ನಡೆಯದಿದ್ದರೆ ಅಥವಾ ಒಂದೂ ಪದ ಆಡದಿದ್ದರೆ, 2 ವರ್ಷಕ್ಕೂ "ಅವ್ವ ಬಾ" ಎಂಬಂತೆ ಎರಡು ಪದ ಕೂಡಿಸದಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿರಿ. ಕಲಿತದ್ದನ್ನು ಮರೆಯತೊಡಗಿದರೆ ಯಾವ ವಯಸ್ಸಿನಲ್ಲಾದರೂ ತಡಮಾಡಬೇಡಿ. ದಿನ ತುಂಬುವ ಮೊದಲೇ ಹುಟ್ಟಿದ ಮಗುವಿಗೆ ಎರಡು ವರ್ಷದವರೆಗೆ ಈ ವಯಸ್ಸನ್ನು ಹೆರಿಗೆಗೆ ಕೊಟ್ಟಿದ್ದ ತಾರೀಖಿನಿಂದ ಎಣಿಸಿರಿ.

ಕಿವಿ, ಮಾತಿನ ತೊಂದರೆಗೆ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿಗೇ ವೈದ್ಯರ ತಂಡ ಬಂದು ಮಕ್ಕಳನ್ನು ತಪಾಸಣೆ ಮಾಡುತ್ತದೆ. ಆ ದಿನ ಯಾವುದೆಂದು ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿಟ್ಟುಕೊಳ್ಳಿರಿ. ಮುಂದಿನ ಚುಚ್ಚುಮದ್ದಿಗೆ ಬರುವಾಗ ತಾಯಿ ಕಾರ್ಡಿನ ಜೊತೆಗೆ, ಮಗು ಹೊಸದಾಗಿ ಏನು ಕಲಿತಿದೆ ಎಂಬುದನ್ನೂ ನೆನಪಿಟ್ಟುಕೊಂಡು ಬನ್ನಿರಿ. ನಾವು ಕೇಳುತ್ತೇವೆ.